ಮುಂಬಯಿಯ ದಿನಚರಿಗೆ ನಾನು ಒಗ್ಗಿಕೊಂಡ ಬಗೆ

ಶಿರಸಿಯಿಂದ ಹೊರಟು ಮುಲುಂಡ್ ಪೂರ್ವದಲ್ಲಿರುವ ಅಕ್ಕನ ಮನೆಯಲ್ಲಿ ಮಳೆಗಾಲ ಕಳೆಯುವುದೆಂದು ನಿಶ್ಚಯವಾದ ಮೇಲೆ, ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು, ಅಲ್ಲಿಯವರು ದಿನದ ಹೊತ್ತನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನೇ ಮೊದಲು ಗಮನಿಸಬೇಕೆಂದುಕೊಂಡೆ. ಗೇಟ್‌ವೇ, ಮರೀನ್ ಡ್ರೈವ್‌ಗಳು ಎಲ್ಲಿಗೂ ಓಡಿಹೋಗುವುದಿಲ್ಲ. ನಲ್ಲಿಯ ನೀರು ಮಾತ್ರ ಹೊತ್ತು ಮೀರಿದರೆ ನಿಂತುಬಿಡುತ್ತದೆ.

ತಾನ್ಸಾ, ಭಾತ್ಸಾ, ವೈತರಣಾ ಸೇರಿದಂತೆ 7 ಕೆರೆ ಮತ್ತು ಜಲಾಶಯಗಳಿಂದ ಬರುವ ನೀರನ್ನು ಮಹಾನಗರಪಾಲಿಕೆಯು ಬಡಾವಣೆಗಳಿಗೆ ಗೊತ್ತುಪಡಿಸಿದ ವೇಳೆಯಲ್ಲಿ ಬಿಡುತ್ತದೆ. ಅಕ್ಕನ ಕಟ್ಟಡದಲ್ಲಿ ಅದು ನಸುಕಿನ ವೇಳೆ. ಸ್ನಾನ, ಬಟ್ಟೆ, ಕುಡಿಯುವ ನೀರು ತುಂಬಿಸುವುದು ಎಲ್ಲವೂ ಆ ಅವಧಿಯಲ್ಲೇ ಮುಗಿಯಬೇಕಾಗಿದ್ದುದರಿಂದ, ಮನೆಯಲ್ಲಿ ಯಾರ ಸರದಿ ಯಾವಾಗ ಎಂದು ಅಕ್ಕನನ್ನು ಕೇಳಿ ತಿಳಿದುಕೊಂಡು, ಭಾವ ಕೆಲಸಕ್ಕೆ ಹೊರಡುವ ಮುನ್ನ ಸ್ನಾನದ ಮನೆಯತ್ತ ಸುಳಿಯದಿರುವುದನ್ನು ರೂಢಿಸಿಕೊಂಡೆ. ಅತಿಥಿ ಎಂಬ ಸಲುಗೆಗೆ ಎರಡು ಕೋಣೆಯ ಮನೆಯಲ್ಲಿ ಹೆಚ್ಚು ಜಾಗವಿಲ್ಲ.

ಹೆಚ್ಚು ಕಾಲ ಕೊಟ್ಟು ಕಲಿತದ್ದು ಲೋಕಲ್ ರೈಲನ್ನು. ಬೆಳಿಗ್ಗೆ ನಗರದ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಜನ ಹರಿಯುವುದರಿಂದ, ಮಧ್ಯಾಹ್ನದ ಸಡಿಲ ಹೊತ್ತಿನಲ್ಲಿ ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತಿ ಮಾಟುಂಗಾಕ್ಕೆ ಹೋಗಿಬರುವುದರಿಂದ ಆರಂಭಿಸಿದೆ. ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್, ವಿಕ್ರೋಲಿ, ಘಾಟ್ಕೋಪರ್, ವಿದ್ಯಾವಿಹಾರ್, ಕುರ್ಲಾ, ಸಾಯನ್, ಆಮೇಲೆ ಮಾಟುಂಗಾ ಎಂಬ ಕ್ರಮವು ಬಾಯಿಪಾಠವಾದ ಮೇಲೆ ಕಿಟಕಿಯಾಚೆ ಇಣುಕುವ ಆತಂಕ ತಪ್ಪಿತು. ಮಾಟುಂಗಾದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲವಾದ್ದರಿಂದ, ಇಂಡಿಕೇಟರ್‌ನಲ್ಲಿ ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದರ ಜೊತೆಗೆ ಅದು ಸ್ಲೋ ಹೌದೇ ಎಂಬುದನ್ನೂ ನೋಡಿಯೇ ಹತ್ತುತ್ತಿದ್ದೆ. ಕೆಂಪು ಹಳದಿ ಓರೆಪಟ್ಟಿಗಳಿರುವ ಡಬ್ಬಿ ಫಸ್ಟ್ ಕ್ಲಾಸಿನದು. ಸಾಮಾನ್ಯ ಪಾಸಿನವರು ಅದರಿಂದ ದೂರವಿರಬೇಕು.

ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಸಿದ್ಧತೆ ಬೇಕು. ಇಳಿಯುವವರು ಹಿಂದಿನ ಸ್ಟೇಷನ್ ದಾಟಿದೊಡನೆಯೇ ಬಾಗಿಲಿನತ್ತ ಸರಿಯತೊಡಗುತ್ತಾರೆ, ಮುಂದಿರುವವರನ್ನು “ಮಾಟುಂಗಾ ಉತರ್ನಾ ಹೈ?” ಎಂದು ಕೇಳುತ್ತಾರೆ, ಹೌದೆಂದರೆ ಬೆನ್ನ ಹಿಂದೆ ನಿಲ್ಲುತ್ತಾರೆ, ಇಲ್ಲವೆಂದರೆ ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ. ನಾನೂ ಚೀಲವನ್ನು ಎದೆಯ ಮೇಲೆ ಹಾಕಿಕೊಂಡು, ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆಂದು ಪಕ್ಕದವರನ್ನು ವಿಚಾರಿಸಿ, ಅದೇ ಕ್ರಮ ಅನುಸರಿಸಿದೆ. ಮೂವರ ಸೀಟಿನಲ್ಲಿ ನಾಲ್ಕನೆಯವರು ಅಂಚಿಗೆ ಕೂರುವುದು ಅಲ್ಲಿ ಹಕ್ಕಿನಂತೆಯೇ ನಡೆಯುತ್ತದೆ. ಸುಮ್ಮನೆ ಎದುರು ನಿಂತರೂ ಸಾಕು, ಕುಳಿತವರು ಗೊಣಗದೆ ಸರಿಯುತ್ತಾರೆ. ನಮ್ಮ ಕಡೆಯ ಬಸ್ಸುಗಳಲ್ಲಿ ಇಷ್ಟು ಔದಾರ್ಯವನ್ನು ನಾನು ಕಂಡಿಲ್ಲ.

ವಿಳಾಸ ಕೇಳುವಾಗ ಪೂರ್ವವೋ ಪಶ್ಚಿಮವೋ ಎಂಬುದನ್ನು ತಪ್ಪದೆ ಕೇಳಬೇಕು, ಏಕೆಂದರೆ ಹಳಿಗಳು ಪ್ರತಿ ಉಪನಗರವನ್ನೂ ಎರಡಾಗಿ ಸೀಳಿವೆ, ಮತ್ತು ತಪ್ಪು ಬದಿಯಲ್ಲಿ ಹೊರಬಿದ್ದವರು ಸೇತುವೆ ಹತ್ತಿ ಮತ್ತೆ ದಾಟಬೇಕಾಗುತ್ತದೆ. ಮೀಟರ್ ಹಾಕಿ ಓಡುವ ಆಟೋಗಳು ಉಪನಗರಗಳಿಗೆ ಮಾತ್ರ ಸೀಮಿತ. ಸಾಯನ್ ಮತ್ತು ಬಾಂದ್ರಾಗಳಿಂದ ದಕ್ಷಿಣಕ್ಕೆ ಟ್ಯಾಕ್ಸಿ ಅಥವಾ ‘ಬೆಸ್ಟ್’ ಎಂಬ ನಗರ ಸಾರಿಗೆಯ ಬಸ್ಸೇ ಗತಿ.

ಮಾಟುಂಗಾವನ್ನು ಆರಿಸಿಕೊಂಡದ್ದಕ್ಕೆ ಕಾರಣ ನಾಲಿಗೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಬಾಳೆಎಲೆ, ಕರಿಬೇವು, ಸಾಂಬಾರು ಈರುಳ್ಳಿ ಸಿಗುವ ಮಾರುಕಟ್ಟೆ, ಉಡುಪಿ ಹೋಟೆಲುಗಳು, ಕನ್ನಡದಲ್ಲೇ ಉತ್ತರಿಸುವ ಅಂಗಡಿಯವರು. ಮುಲುಂಡ್‌ನ ತರಕಾರಿ ಗಾಡಿಯ ಮುಂದೆ ಸೋರೆಕಾಯಿಗೆ ದುಧಿ, ಬೆಂಡೆಗೆ ಭೇಂಡಿ, ಸುವರ್ಣಗೆಡ್ಡೆಗೆ ಸುರಣ್ ಎಂದು ಕೇಳಿ, ಪಾವ್ ಕಿಲೋ, ಅಂದರೆ ಕಾಲು ಕಿಲೋ, ಲೆಕ್ಕದಲ್ಲಿ ಕೊಳ್ಳುವುದನ್ನು ಕಲಿತೆನಾದರೂ, ಊರಿನ ಸಾರಿನ ನೆನಪಾದಾಗ ಮಾಟುಂಗಾವೇ ಬೇಕಾಯಿತು. ಅಲ್ಲಿಯೇ 1926ರಲ್ಲಿ ಆರಂಭವಾದ, ಕನ್ನಡಿಗರ ಸಂಸ್ಥೆಯಾದ ಮೈಸೂರು ಅಸೋಸಿಯೇಷನ್ ಇದೆ. ಅಲ್ಲಿಂದ ಹಳಿಗಳ ಮೇಲಿನ ‘ಝಡ್ ಬ್ರಿಜ್’ ಎಂಬ ಕಾಲುಸೇತುವೆ ದಾಟಿ, ಪಶ್ಚಿಮ ಮಾರ್ಗದ ಮಾಟುಂಗಾ ರೋಡ್ ಸ್ಟೇಷನ್ ಕಡೆಗೆ ನಡೆದು ಹೋದರೆ ಮಾಹಿಮ್‌ನ ಕರ್ನಾಟಕ ಸಂಘ ದೂರವಲ್ಲ. ಎಲ್ಲಿ ಯಕ್ಷಗಾನ, ಎಲ್ಲಿ ಉಪನ್ಯಾಸ ಎಂಬುದು ಮುಂಬಯಿಯ ಕನ್ನಡ ದಿನಪತ್ರಿಕೆ ‘ಕರ್ನಾಟಕ ಮಲ್ಲ’ದಿಂದ ತಿಳಿಯುತ್ತಿತ್ತು.

ಮಲೆನಾಡಿನವನಾದ ನನಗೆ ಮಳೆ ಹೊಸದಲ್ಲ, ಆದರೆ ಸಮುದ್ರದ ಉಬ್ಬರದ ವೇಳೆ ನೋಡಿಕೊಂಡು ಮನೆಯಿಂದ ಹೊರಡುವುದು ಹೊಸದಾಗಿತ್ತು. ಉಬ್ಬರ ಮತ್ತು ಜೋರು ಮಳೆ ಒಟ್ಟಿಗೆ ಬಂದರೆ ನೀರು ಸಮುದ್ರಕ್ಕೆ ಹರಿಯಲಾರದೆ ಕುರ್ಲಾ, ಸಾಯನ್ ಸುತ್ತಿನ ಹಳಿಗಳ ಮೇಲೆ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನವನ್ನು ಕಂಡವರು ಇದನ್ನು ಹಗುರವಾಗಿ ಪರಿಗಣಿಸುವುದಿಲ್ಲ, ಹಾಗಾಗಿ ಉಬ್ಬರದ ವೇಳೆ ಪ್ರಕಟವಾದೊಡನೆ ಭಾವ ಅದನ್ನು ಓದಿ ಹೇಳುತ್ತಿದ್ದರು. ಭಾನುವಾರಗಳಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಗಾಡಿಗಳ ಮಾರ್ಗ ಮತ್ತು ವೇಳೆ ಎರಡೂ ಬದಲಾಗುವುದರಿಂದ, ಮಾಟುಂಗಾದ ಖರೀದಿಯನ್ನು ನಾನು ಶನಿವಾರ ಮಧ್ಯಾಹ್ನವೇ ಮುಗಿಸಿಕೊಳ್ಳತೊಡಗಿದೆ.