ಲೈಟ್ ಆರಿಸಿದ ಮೇಲೆ ಕಂಡ ಗಿರ್ಲು

ಅರಸೀಕೆರೆ ಕಡೆಯ ನಮ್ಮೂರ ಕೆರೆಯಿಂದ ಆರು ಗಿರ್ಲು ಮೀನುಗಳನ್ನು ಬೆಂಗಳೂರಿನ ಮನೆಗೆ ತಂದಾಗ ಅಮ್ಮ ಕೇಳಿದ್ದು ಒಂದೇ. "ಇಷ್ಟರಲ್ಲಿ ಸಾರು ಆಗುತ್ತೇನೋ?" ಸಾಕೋದಕ್ಕೆ ಅಂದೆ. ನಕ್ಕಳು. ಊರಲ್ಲಿ ಗಿರ್ಲು ಅಂದರೆ ಸಾರಿನ ಮೀನು ಅಷ್ಟೇ ಅಲ್ವಾ.

ಬೆರಳುದ್ದದ ಮೀನು. ನಾಲ್ಕು ಜೊತೆ ಮೀಸೆ, ಮೈಯುದ್ದಕ್ಕೂ ಪಟ್ಟೆ, ಕಿವಿರಿನ ಹಿಂದೆ ಒಂದು ಕಪ್ಪು ಬೊಟ್ಟು. ಹುರುಪೆ ಇಲ್ಲ, ಮೈ ನುಣುಪು. ಪುಸ್ತಕಗಳಲ್ಲಿ ಇದು ಮಿಸ್ಟಸ್ ವಿಟ್ಟಾಟಸ್. 1794ರಲ್ಲಿ ಬ್ಲಾಕ್ ಎಂಬ ಬರ್ಲಿನ್ನಿನ ವೈದ್ಯ, ತಮಿಳುನಾಡಿನ ತರಂಗಂಬಾಡಿಯಿಂದ ಹೋದ ಮೀನು ನೋಡಿ ವಿಟ್ಟಾಟಸ್ ಅಂತ ಹೆಸರಿಟ್ಟ. ನೀರಿನಿಂದ ಎತ್ತಿದರೆ ಭುಜದ ಮುಳ್ಳು ತಿಕ್ಕಿ ಗಿರ್ ಗಿರ್ ಅನ್ನುತ್ತದೆ. ತನ್ನ ಹೆಸರು ತಾನೇ ಹೇಳಿಕೊಂಡ ಹಾಗೆ.

ನಾನು ಮಾಡಿದ ತಪ್ಪು ಇಷ್ಟು. ಗೋಲ್ಡ್‌ಫಿಶ್‌ಗೆ ಮಾಡುವ ಹಾಗೆ ಮೂರಡಿ ಗಾಜಿನ ತೊಟ್ಟಿ, ಬಿಳಿ ಕಲ್ಲು, ಮೇಲೆ ಝಗಮಗ ಎಲ್‌ಇಡಿ. ಆರೂ ಮೀನು ಫಿಲ್ಟರ್ ಹಿಂದೆ ಒಂದರ ಮೇಲೊಂದು ಒತ್ತಿಕೊಂಡು ಕೂತವು. ಬೆಳಗ್ಗೆ ಹಾಕಿದ ಕಾಳು ಸಂಜೆಗೆ ಅಲ್ಲೇ ಕೊಳೆಯುತ್ತಿತ್ತು. ವಾರದಲ್ಲಿ ಎರಡು ಸತ್ತವು. ಅಂಗಡಿಯವರು ನೀಲಿ ಔಷಧಿ ಕೊಟ್ಟರು. ಬಾಟಲಿ ಮೇಲೆ ಬರೆದಷ್ಟೇ ಹಾಕಿದೆ, ಮೂರನೆಯದೂ ಹೋಯಿತು. ಹುರುಪೆ ಇಲ್ಲದ ಮೀನಿಗೆ ಔಷಧಿ ಬೇಗ ಏರುತ್ತದೆ, ಅರ್ಧ ಪ್ರಮಾಣ ಸಾಕು ಅಂತ ಗೊತ್ತಾದದ್ದು ಆಮೇಲೆ.

ಹಬ್ಬಕ್ಕೆ ಊರಿಗೆ ಹೋದಾಗ ಮಾವನಿಗೆ ಹೇಳಿದೆ. "ಹಗಲಲ್ಲಿ ಗಿರ್ಲು ಎಲ್ಲಿ ಕಾಣ್ತದೋ? ರಾತ್ರಿ ಬಾ" ಅಂದ. ಎಂಟು ಗಂಟೆಗೆ ತೂಬಿನ ಹತ್ತಿರ ಹೋದೆವು. ನಾನು ಟಾರ್ಚ್ ಬಿಟ್ಟೆ. ಹೂಳು ಕದಡಿದ್ದು ಬಿಟ್ಟರೆ ಏನೂ ಇಲ್ಲ. "ಲೈಟ್ ಬಿಟ್ರೆ ಯಾವ ಮೀನು ನಿಲ್ತದೆ ಹೇಳು?" ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಏರಿ ಕಲ್ಲಿನ ಮೇಲೆ ಮಾತಾಡದೆ ಕೂತೆವು.

ಅರ್ಧ ಗಂಟೆ ಆಗಿರಬೇಕು. ಜೊಂಡಿನ ಬುಡದಿಂದ ಒಂದು ಬಂತು, ಹಿಂದೆ ನಾಲ್ಕೈದು. ಮೊಣಕಾಲುದ್ದ ನೀರು. ಮೀಸೆಯನ್ನು ಮುಂದೆ ಚಾಚಿ ಹೂಳನ್ನು ಸವರುತ್ತಾ, ಸಿಕ್ಕ ಹುಳು, ಸಣ್ಣ ಸೀಗಡಿ ನುಂಗುತ್ತಾ ಹೋದವು. ಕಣ್ಣಿನ ಕೆಲಸ ಮೀಸೆಯೇ ಮಾಡುತ್ತಿತ್ತು. ಹಗಲೆಲ್ಲ ಇವು ಏರಿಯ ಕಲ್ಲಿನ ಸಂದಿಯಲ್ಲಿ, ತಾವರೆ ಬುಡದಲ್ಲಿ ಅಡಗಿರುತ್ತವೆ. ಮುಂಗಾರಿನ ಹೊಸನೀರು ಬಂದಾಗ ಮಾತ್ರ ಗುಂಪಾಗಿ ತೆಳು ನೀರಿಗೆ ಹತ್ತಿ ಮೊಟ್ಟೆ ಇಡುತ್ತವೆ.

ಮಾರನೆಯ ಬೆಳಗ್ಗೆ ಧೈರ್ಯ ಬಂದು ಸಂದಿಗೆ ಕೈ ಹಾಕಿದೆ. ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಅದರಲ್ಲಿ ಸ್ವಲ್ಪ ವಿಷ ಇದೆ, ತೋಳಿನವರೆಗೂ ಎಳೆಯುತ್ತದೆ. ತಡೆಯುವಷ್ಟು ಬಿಸಿ ನೀರಲ್ಲಿ ಬೆರಳು ಅದ್ದಿ ಕೂತ ಮೇಲೆ ನೋವು ಇಳಿಯಿತು. ಬಲೆಯಲ್ಲೂ ಹಿಡಿಯಬೇಡಿ, ಮುಳ್ಳು ಸಿಕ್ಕಿಕೊಂಡು ಮೀನಿಗೇ ಗಾಯ. ನಾನು ಈಗ ಪ್ಲಾಸ್ಟಿಕ್ ಜಗ್ಗಿನಲ್ಲೇ ಎತ್ತುತ್ತೇನೆ.

ವಾಪಸ್ ಬಂದು ತೊಟ್ಟಿ ಖಾಲಿ ಮಾಡಿದೆ. ಕಲ್ಲು ತೆಗೆದು ನುಣ್ಣನೆ ಮರಳು ಹಾಕಿದೆ, ಒರಟು ಕಲ್ಲಿಗೆ ಮೀಸೆ ಸವೆಯುತ್ತದೆ. ಒಡೆದ ಮಣ್ಣಿನ ಕುಡಿಕೆ, ಪಿವಿಸಿ ಪೈಪಿನ ತುಂಡು, ಒಂದು ಹಳೆ ಬೇರು, ಒಣಗಿದ ಬಾದಾಮಿ ಎಲೆ. ಮೀನಿಗೊಂದರಂತೆ ಅಲ್ಲ, ಅದಕ್ಕಿಂತ ಜಾಸ್ತಿ ಬಿಲ ಬೇಕು, ಇಲ್ಲದಿದ್ದರೆ ಜಗಳ. ಮೇಲೆ ತೇಲುವ ಗಿಡ ಬಿಟ್ಟೆ. ನಲ್ಲಿ ನೀರನ್ನು ಒಂದು ದಿನ ಬಕೆಟ್‌ನಲ್ಲಿಟ್ಟೇ ಹಾಕುವುದು. ಎಗರುತ್ತವೆ, ಮುಚ್ಚಳ ಬೇಕೇ ಬೇಕು. ಊಟ ರಾತ್ರಿ ಒಂಬತ್ತಕ್ಕೆ, ಲೈಟ್ ಆರಿಸಿ: ಕತ್ತರಿಸಿದ ಎರೆಹುಳು ಅಥವಾ ಬ್ಲಡ್‌ವರ್ಮ್ ಎಂಬ ಸಣ್ಣ ಕೆಂಪು ಹುಳು.

ಎರಡನೇ ರಾತ್ರಿಯೇ ಮೂರೂ ಹೊರಬಂದವು. ಜೊತೆಗಿರಲಿ ಅಂತ ಸುಮ್ನೆ ಐದು ಪುಟ್ಟ ಗಪ್ಪಿ ಮೀನು ಬಿಟ್ಟಿದ್ದೆ. ಬೆಳಗ್ಗೆ ಎಣಿಸಿದರೆ ಎರಡು. ಬಾಯಿಗೆ ಹಿಡಿಸುವುದು ಯಾವುದಾದರೂ ಗಿರ್ಲುವಿಗೆ ಊಟವೇ.

ಹೋದ ತಿಂಗಳು ಅಮ್ಮ ಬಂದಿದ್ದಳು. ಹಾಲ್‌ನ ಲೈಟ್ ಆರಿಸಿ, ಸಣ್ಣ ಕೆಂಪು ಬಲ್ಬ್ ಹಾಕಿ ಪಕ್ಕದಲ್ಲಿ ಕೂರಿಸಿದೆ. ಕುಡಿಕೆಯಿಂದ ಒಂದು ಮೀಸೆ ಆಡಿಸುತ್ತಾ ಈಚೆ ಬಂತು. ಬಹಳ ಹೊತ್ತು ನೋಡಿದಳು.

"ದಪ್ಪ ಆಗಿದಾವೆ ಕಣೋ" ಅಂದಳು. ನಾನು ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ಇನ್ನೊಮ್ಮೆ ನೋಡಿದೆ.