ಅಂಬಾಸಿಡರ್ ಮಿಸ್ ಹೊಡೆಯುತ್ತಿದೆಯಾ? ಮೊದಲು ಪ್ಲಗ್ ಬಣ್ಣ ನೋಡಿ

ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಹಳೆಯ ಅಂಬಾಸಿಡರ್ ಕೆಮ್ಮಲು ಶುರು ಮಾಡಿತು. ಪಿಕಪ್ ಇಲ್ಲ, ಸೈಲೆನ್ಸರಿನಿಂದ ಕಪ್ಪು ಹೊಗೆ. ಮೆಕ್ಯಾನಿಕ್ ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಹೊಸದು ಹಾಕಿದರು. ಮೂರು ವಾರ ಚೆನ್ನಾಗಿ ಓಡಿತು. ಮತ್ತೆ ಅದೇ ಕಥೆ, ಮತ್ತೆ ನಾಲ್ಕು ಪ್ಲಗ್. ಕೊನೆಗೆ ನೋಡಿದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಎಸ್‌ಯು ಕಾರ್ಬುರೇಟರಿನಲ್ಲಿ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಚೋಕ್ ಎಳೆದರೆ ಪೆಟ್ರೋಲ್ ಬರುವ ಜೆಟ್ ಕೆಳಗಿಳಿದು ಪೆಟ್ರೋಲ್ ಜಾಸ್ತಿ ಹೋಗುತ್ತದೆ. ನಮ್ಮದು ಇಳಿದಲ್ಲೇ ನಿಂತಿತ್ತು. ಎಂಟು ಪ್ಲಗ್ಗಿನ ದುಡ್ಡು ದಂಡ. ಬೇಕಾಗಿದ್ದದ್ದು ನಾಲ್ಕು ಹನಿ ಎಣ್ಣೆ!

ಅಂದಿನಿಂದ ನನ್ನದೊಂದೇ ನಿಯಮ: ಪ್ಲಗ್ ಬಿಸಾಡುವ ಮೊದಲು ಅದರ ಮುಖ ನೋಡಬೇಕು. ಇಲ್ಲಿ ಹೇಳುತ್ತಿರುವುದು 1489 ಸಿಸಿಯ ಹಳೆಯ ಪೆಟ್ರೋಲ್ ಅಂಬಾಸಿಡರ್ ಬಗ್ಗೆ. ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಸ್ವಿಚ್), ಕಾರ್ಬುರೇಟರ್ ಇರುವ ಇತರ ಹಳೆಯ ಕಾರುಗಳಿಗೂ ದಾರಿ ಇದೇ, ಅಳತೆಗಳು ಮಾತ್ರ ಬೇರೆ.

ಮೊದಲು ಕಿವಿ ಕೊಡಿ

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು ಸೈಲೆನ್ಸರ್ ಹಿಂದೆ ನಿಲ್ಲಿ. ತಾಳ ಹಾಕಿದ ಹಾಗೆ ಒಂದೇ ಲಯದಲ್ಲಿ ತಪ್ಪುತ್ತಿದೆಯಾ? ಹಾಗಿದ್ದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಲಯವಿಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ನಾಲ್ಕಕ್ಕೂ ಸೇರಿದ ಭಾಗದ ಮೇಲೆ ಅನುಮಾನ ಪಡಿ: ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಪಾಯಿಂಟ್, ಇಲ್ಲವೇ ಪೆಟ್ರೋಲ್.

ಒಂದು ಸಿಲಿಂಡರ್ ಎಂದಾದರೆ ಅದು ಯಾವುದು ಎಂದು ಹುಡುಕಿ. ಹಿಡಿಗೆ ದಪ್ಪ ಇನ್ಸುಲೇಷನ್ ಇರುವ ಪ್ಲೈಯರಿನಿಂದ ಒಂದೊಂದೇ ಪ್ಲಗ್ ವೈರ್ ತೆಗೆದು, ಕ್ಷಣ ಬಿಟ್ಟು ಹಾಕಿ. ಸದ್ದು ಕುಸಿದರೆ ಆ ಸಿಲಿಂಡರ್ ಸರಿ ಇದೆ. ತೆಗೆದರೂ ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅವನೇ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಸಾವಿರಾರು ವೋಲ್ಟ್ ಹರಿಯುತ್ತಿರುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಗಾಡಿಯಲ್ಲಿ ಈ ಪರೀಕ್ಷೆಯೇ ಬೇಡ.

ಬಿಚ್ಚಿ, ಸಾಲಾಗಿ ಇಡಿ

ಎಂಜಿನ್ ತಣ್ಣಗಾಗಲಿ. ಪ್ಲಗ್ ಸುತ್ತಲಿನ ಧೂಳನ್ನು ಊದಿ ತೆಗೆಯಿರಿ, ಇಲ್ಲವಾದರೆ ಅದು ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ರೇಡಿಯೇಟರ್ ಪಕ್ಕದ್ದು ಒಂದನೇ ನಂಬರ್. ಬಿಚ್ಚಿದ ನಾಲ್ಕನ್ನೂ ಅದೇ ಕ್ರಮದಲ್ಲಿ ಹಳೇ ಪೇಪರ್ ಮೇಲೆ ಇಡಿ. ಕಲೆಸಿಬಿಟ್ಟರೆ ಮುಗಿಯಿತು, ಅವು ಹೇಳುವುದು ಏನೂ ಉಪಯೋಗಕ್ಕೆ ಬರುವುದಿಲ್ಲ.

ತುದಿ ತಿಳಿ ಕಂದು ಬಣ್ಣ, ಬಿಸ್ಕತ್ತಿನ ಹಾಗಿದ್ದರೆ ಆರೋಗ್ಯವಾಗಿದೆ. ಒಣ ಕಪ್ಪು ಮಸಿ, ಕೈಗೆ ಅಂಟುವಂಥದ್ದಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ: ಚೋಕ್ ನೋಡಿ, ಏರ್ ಫಿಲ್ಟರ್ ನೋಡಿ. ದಿನಾ ಹಾಲಿನಂಗಡಿಗೆ ಹೋಗಿ ಬರುವಷ್ಟೇ ಓಡುವ ಗಾಡಿಗೂ ಹೀಗಾಗುತ್ತದೆ. ಪ್ಲಗ್ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಎರಡು ಕಿಲೋಮೀಟರ್ ಓಟದಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಮಸಿ ಅಂದರೆ ಇಂಗಾಲ, ಅದರಲ್ಲಿ ಕರೆಂಟ್ ಹರಿಯುತ್ತದೆ. ಕಿಡಿ ಪ್ಲಗ್ ತುದಿಯ ಗ್ಯಾಪ್ ಹಾರುವ ಬದಲು ಪಿಂಗಾಣಿಯ ಮೇಲಿನ ಮಸಿಯಲ್ಲೇ ಜಾರಿ ಎಂಜಿನ್ನಿನ ಲೋಹಕ್ಕೆ ಸೇರಿಕೊಳ್ಳುತ್ತದೆ. ಮಿಸ್ ಆಗುವುದು ಹೀಗೆ.

ಕಪ್ಪಾಗಿ, ಜಿಡ್ಡಾಗಿ ಹೊಳೆಯುತ್ತಿದ್ದರೆ ಅದು ಎಂಜಿನ್ ಆಯಿಲ್. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಓಡಾಡುವ ಗೈಡ್ ಸವೆದಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಆ ಸಿಲಿಂಡರಿಗೆ ಕಿಡಿಯೇ ಬರುತ್ತಿಲ್ಲ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಇದು ಎಲ್ಲಕ್ಕಿಂತ ಅಪಾಯ. ಟೈಮಿಂಗ್ ಮುಂದಿದೆ, ಅಂದರೆ ಕಿಡಿ ಬೇಗ ಬರುತ್ತಿದೆ, ಇಲ್ಲವೇ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲಿನಲ್ಲಿ ಹಳೆಯ ಸೆಟ್ಟಿಂಗ್ ಸ್ವಲ್ಪ ಈ ಕಡೆಗೇ ವಾಲುತ್ತದೆ ಎಂಬುದೂ ನೆನಪಿರಲಿ.

ಜಾಗ ಬದಲಿಸಿ ನೋಡಿ

ಮೂರನೇ ಪ್ಲಗ್ ಮಾತ್ರ ಕಪ್ಪಾಗಿದೆ ಅಂದುಕೊಳ್ಳಿ. ಅದನ್ನು ಕ್ಲೀನ್ ಮಾಡಿ ಒಂದನೇ ಸಿಲಿಂಡರಿಗೆ ಹಾಕಿ, ಒಂದನೆಯದನ್ನು ಮೂರಕ್ಕೆ. ಮಿಸ್ಸಿಂಗ್ ಪ್ಲಗ್ ಹಿಂದೆಯೇ ಹೋದರೆ ತಪ್ಪು ಪ್ಲಗ್ಗಿನದು. ಮೂರರಲ್ಲೇ ಉಳಿದರೆ ವೈರ್, ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಅಥವಾ ಎಂಜಿನ್ನಿನದು. ಖರ್ಚಿಲ್ಲದ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಕ್ಲೀನ್ ಮಾಡಲು ಪೆಟ್ರೋಲ್ ಮತ್ತು ಹಿತ್ತಾಳೆ ಬ್ರಷ್ ಸಾಕು. ಉಕ್ಕಿನ ಬ್ರಷ್ ಪಿಂಗಾಣಿಯ ಮೇಲೆ ಲೋಹದ ಗೆರೆ ಬಿಡುತ್ತದೆ, ಕರೆಂಟಿಗೆ ಮತ್ತೊಂದು ದಾರಿಯಾಗುತ್ತದೆ. ಗ್ಯಾಪ್ 25 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ), ಅಂದರೆ ಸುಮಾರು 0.63 ಮಿಲಿಮೀಟರ್. ಗ್ಯಾಪ್ ಅಳೆಯುವ ಫೀಲರ್ ಗೇಜ್ ಇಲ್ಲದ ಮೆಕ್ಯಾನಿಕ್‌ಗಳು ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡ್ ತೂರಿಸಿ ನೋಡುವುದು ಸುಮ್ನೆ ಅಲ್ಲ, ಅದರ ದಪ್ಪವೂ ಹೆಚ್ಚುಕಮ್ಮಿ ಅಷ್ಟೇ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ.

ಕಿಡಿಯ ಕಡೆ ಅನುಮಾನ ಬಂದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಸೀಳಿದ ವೈರ್ ಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಂತೂ ಕ್ಯಾಪ್ ಒಳಗಿನ ತೇವ ಒರೆಸಿದರೇ ಅರ್ಧ ಗಾಡಿಗಳು ಸರಿಹೋಗುತ್ತವೆ. ಕ್ಯಾಪ್ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದ್ದರೆ ಅದನ್ನು ಬದಲಿಸಿ. ಪಾಯಿಂಟ್ ಗ್ಯಾಪ್ 15 ಥೌ. ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ಕಂಡೆನ್ಸರ್ ಹೋಗಿದೆ. ವೈರ್‌ಗಳನ್ನು ಬಿಚ್ಚಿದ್ದರೆ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ) 1-3-4-2, ಕ್ಯಾಪ್ ಒಳಗಿನ ರೋಟರ್ ತಿರುಗುವುದು ಗಡಿಯಾರಕ್ಕೆ ಉಲ್ಟಾ.

ಪ್ಲಗ್ಗನ್ನು ಹೊರಗೆ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಡಿ ಬಂತೆಂದು ಪೂರ್ತಿ ನಂಬಬೇಡಿ. ಬಯಲಿನಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಸೋಲಬಹುದು. ಏರಿನಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಗಳ ಕಥೆ ಹೆಚ್ಚಾಗಿ ಇದೇ.

ಇಷ್ಟೆಲ್ಲ ಮಾಡಿಯೂ ಒಂದೇ ಸಿಲಿಂಡರ್ ಹಟ ಹಿಡಿದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ಕಮ್ಮಿ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡರಲ್ಲೂ ಕಮ್ಮಿಯಿದ್ದರೆ ಹೆಡ್ ಗ್ಯಾಸ್ಕೆಟ್.

ಪ್ಲಗ್ ವಾಪಸ್ ಹಾಕುವಾಗ ಮೊದಲು ಬೆರಳಿನಿಂದಲೇ ತಿರುಗಿಸಿ. ಹೊಸದಾದರೆ ವಾಷರ್ ಕೂತ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಹದಿನೈದು ಕಿಲೋಮೀಟರ್ ಓಡಿಸಿ, ಐಡ್ಲಿಂಗಿಗೆ ಬಿಡದೆ ಆಫ್ ಮಾಡಿ. ತಣ್ಣಗಾದ ಮೇಲೆ ಅದೇ ಪೇಪರ್ ಹಾಸಿಕೊಂಡು ಮತ್ತೊಮ್ಮೆ ಬಿಚ್ಚಿ ಬಣ್ಣ ನೋಡಿ.