ಕೆಲಸಕ್ಕೆಂದು ಮುಂಬೈಗೆ ಬಂದಾಗ ಊಟ, ಪೇಟೆ: ಹೊತ್ತು ಹೊಂದಿಸಿಕೊಳ್ಳುವುದು ಹೇಗೆ?

ಊರಿನಿಂದ ಕಚೇರಿ ಕೆಲಸಕ್ಕೆಂದು ಮುಂಬೈಗೆ ಹೊರಟ ನೆಂಟರು ಫೋನ್ ಮಾಡಿ ಕೇಳುವುದು, ಅಲ್ಲಿ ಎಲ್ಲಿ ತಿನ್ನಬೇಕು ಎಂದು. ನಾನು ತಿರುಗಿ ಕೇಳುವುದು, ನಿಮಗೆ ಬಿಡುವು ಎಷ್ಟು ಹೊತ್ತಿಗೆ ಎಂದು. ಈ ಊರಿನ ಹೂವಿನ ಪೇಟೆ ಬೆಳಕು ಹರಿಯುವ ಮೊದಲೇ ನೆರೆದಿರುತ್ತದೆ, ಹೆಸರಾಂತ ಹಳೆಯ ಹೋಟೆಲೊಂದು ಮಧ್ಯಾಹ್ನದ ಊಟಕ್ಕಷ್ಟೇ ಬಾಗಿಲು ತೆರೆಯುತ್ತದೆ, ದೊಡ್ಡ ಮಾರುಕಟ್ಟೆಗಳಿಗೆ ಭಾನುವಾರ ರಜೆ. ಆದ್ದರಿಂದ ಎರಡು ದಿನದ ಕೆಲಸದ ನಡುವೆ ಹತ್ತು ಹೆಸರುಗಳ ಪಟ್ಟಿ ಹಿಡಿದು ಟ್ಯಾಕ್ಸಿಯಲ್ಲಿ ಅಲೆಯುವುದಕ್ಕಿಂತ, ನಿಮ್ಮ ಬಿಡುವಿನ ಹೊತ್ತಿಗೆ ಯಾವ ಪೇಟೆ ಎಚ್ಚರವಾಗಿರುತ್ತದೋ ಅಲ್ಲಿಗೆ ಮಾತ್ರ ಹೋಗುವುದು ಲೇಸು.

ಹೊರಡುವ ಮೊದಲು

ಸಭೆ ನಡೆಯುವ ಜಾಗ ಯಾವ ರೈಲು ಮಾರ್ಗದಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಲ್ಲಿ ಕೊನೆಯಾಗುತ್ತದೆ, ಮಧ್ಯ ಮತ್ತು ಹಾರ್ಬರ್ ಮಾರ್ಗಗಳು ಸಿಎಸ್‌ಎಂಟಿಯಲ್ಲಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್). ಪಶ್ಚಿಮ, ಮಧ್ಯ ಮಾರ್ಗಗಳೆರಡೂ ಕೂಡುವುದು ದಾದರ್‌ನಲ್ಲಿ. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ಣಗೊಂಡ ಮೆಟ್ರೊ 3ನೇ ಮಾರ್ಗವು ವಿಮಾನ ನಿಲ್ದಾಣ, ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎಂಬ ಕಚೇರಿಗಳ ಪ್ರದೇಶ), ದಾದರ್, ಸಿಎಸ್‌ಎಂಟಿ, ಚರ್ಚ್‌ಗೇಟ್‌ಗಳನ್ನು ಒಂದೇ ದಾರಕ್ಕೆ ಪೋಣಿಸಿರುವುದರಿಂದ, ಬಿಕೆಸಿಯ ಗಾಜಿನ ಕಟ್ಟಡಗಳಲ್ಲಿ ಸಿಕ್ಕಿಕೊಂಡವರಿಗೂ ಈಗ ದಕ್ಷಿಣ ಮುಂಬೈಯ ಕೋಟೆ (ಫೋರ್ಟ್) ಪ್ರದೇಶದ ಊಟ ದೂರವೆನಿಸುವುದಿಲ್ಲ. ಕಂಪನಿ ಒಪ್ಪುವುದಾದರೆ ವಿಮಾನ ನಿಲ್ದಾಣದ ಬಳಿ ಕೋಣೆ ಹಿಡಿಯುವ ಬದಲು ದಾದರ್ ಅಥವಾ ಮಾಟುಂಗಾ ಆಸುಪಾಸಿನಲ್ಲಿ ಹಿಡಿಯಿರಿ. ಅರ್ಧ ಕೆಲಸ ಅಲ್ಲೇ ಮುಗಿದಂತೆ.

ಬೆಳಗಿನ ಎರಡು ತಾಸು

ಕೆಲಸದ ಮೇಲೆ ಬಂದವರಿಗೆ ಸಂಜೆಯ ಬಗ್ಗೆ ಖಾತರಿಯಿಲ್ಲ, ಆದರೆ ಬೆಳಗು ಯಾವಾಗಲೂ ಅವರದೇ. ಆರು ಗಂಟೆಯೊಳಗೆ ದಾದರ್ ಪಶ್ಚಿಮದಲ್ಲಿ ಇಳಿದು, ನಿಲ್ದಾಣಕ್ಕೆ ಅಂಟಿಕೊಂಡಂತಿರುವ ಹೂವಿನ ಮಾರುಕಟ್ಟೆಯನ್ನು ಹೊಕ್ಕು ನೋಡಿ. ಚೆಂಡುಹೂ ರಾಶಿರಾಶಿಯಾಗಿ ತೂಕಕ್ಕೆ ಹೋಗುತ್ತಿರುತ್ತದೆ, ತಲೆಯ ಮೇಲೆ ಹೊರೆ ಹೊತ್ತವರು ಕೂಗುತ್ತಲೇ ನುಗ್ಗುತ್ತಾರೆ. ಫೋಟೊ ತೆಗೆಯಲೆಂದು ಅವರ ದಾರಿಗೆ ಅಡ್ಡ ನಿಂತರೆ ಬೈಗುಳ ನಿಶ್ಚಿತ, ಅದು ನ್ಯಾಯವೂ ಹೌದು.

ಅಲ್ಲಿಂದ ಮುಂದಿನ ನಿಲ್ದಾಣವೇ ಮಾಟುಂಗಾ. ಇಲ್ಲೊಂದು ಗೊಂದಲವಿದೆ: ಮಾಟುಂಗಾ ಎಂಬುದು ಮಧ್ಯ ಮಾರ್ಗದ ನಿಲ್ದಾಣ, ಮಾಟುಂಗಾ ರೋಡ್ ಎಂಬುದು ಪಶ್ಚಿಮ ಮಾರ್ಗದ್ದು. ತಿಂಡಿ ಇರುವುದು ಮೊದಲನೆಯದರ ಪೂರ್ವ ದಿಕ್ಕಿಗೆ. ರಾಮ್ ಆಶ್ರಯ, ಕೆಫೆ ಮದ್ರಾಸ್ (1940), ಒಂದನೇ ಮಹಡಿಯಲ್ಲಿ ಬಾಳೆಯೆಲೆ ಊಟ ಹಾಕುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ (1942), ಹೀಗೆ ನಮ್ಮ ಕರಾವಳಿಯವರ ಕೈಯಡುಗೆ ಈ ಕೇರಿಯಲ್ಲಿ ಎಂಟು ದಶಕಗಳಿಂದ ಹದಗೊಂಡಿದೆ. ಹತ್ತಿರದ ಭಾವುದಾಜಿ ರಸ್ತೆಯಲ್ಲೇ ಮೈಸೂರು ಅಸೋಸಿಯೇಷನ್ನಿನ ಕಟ್ಟಡವೂ ಇದೆ. ದೋಸೆ ತಿನ್ನಲು ಮುಂಬೈಗೆ ಬರಬೇಕೇ ಎಂದು ಬೆಂಗಳೂರಿನವರು ಮೂಗು ಮುರಿಯುವುದನ್ನು ಬಲ್ಲೆ. ರಾಮ್ ಆಶ್ರಯದ ಅನಾನಸ್ ಶೀರಾ ಒಂದು ಚಮಚ ಬಾಯಿಗಿಟ್ಟ ಮೇಲೆ ಆ ಮಾತು ಮುಂದುವರಿದದ್ದನ್ನು ಕಂಡಿಲ್ಲ.

ರೂಢಿ ತಿಳಿದಿದ್ದರೆ ಸುಲಭ. ಬಾಗಿಲಲ್ಲಿ ನಿಂತವರಿಗೆ ಹೆಸರು, ಎಷ್ಟು ಜನ ಎಂದು ಹೇಳಿ ಹೊರಗೆ ಕಾಯಬೇಕು. ಅಪರಿಚಿತರ ಜೊತೆ ಒಂದೇ ಮೇಜು ಹಂಚಿಕೊಳ್ಳಬೇಕು. ಕಾಫಿ ಮುಗಿದ ಮೇಲೆ ಹರಟುತ್ತ ಕೂರಬಾರದು. ಕೆಫೆ ಮದ್ರಾಸ್‌ಗೆ ಸೋಮವಾರ ರಜೆ, ಭಾನುವಾರ ಬೆಳಿಗ್ಗೆ ಜಾತ್ರೆ. ಆದ್ದರಿಂದ ಮಂಗಳವಾರದಿಂದ ಶುಕ್ರವಾರದವರೆಗೆ ಬಂದಿರುವ ನಿಮ್ಮಂಥವರೇ ಇಲ್ಲಿ ಅದೃಷ್ಟವಂತರು. ಅಂದಹಾಗೆ, ಇಲ್ಲಿನ ಬೀದಿಬದಿ ಗಾಡಿಗಳಲ್ಲಿ ‘ಮೈಸೂರು ಮಸಾಲ’ ಎಂದು ಕೇಳಿದರೆ ಬೆಣ್ಣೆ, ಕೆಂಪು ಚಟ್ನಿ, ತರಕಾರಿಗಳನ್ನು ಹೆಂಚಿನ ಮೇಲೇ ಅರೆದು ಹರಡಿದ ಬೇರೊಂದು ತಿಂಡಿ ಬರುತ್ತದೆ. ಮೈಸೂರಿನೊಂದಿಗೆ ಹೋಲಿಸದೆ ತಿಂದರೆ ಅದೂ ರುಚಿಯೇ.

ಸಭೆಗಳ ನಡುವೆ

ಮಧ್ಯಾಹ್ನ ಕೋಟೆ ಪ್ರದೇಶದಲ್ಲಿದ್ದರೆ ಎರಡು ದಾರಿಗಳಿವೆ. ಬೆಲ್ಲಾರ್ಡ್ ಎಸ್ಟೇಟ್‌ನ ಬ್ರಿಟಾನಿಯಾ 1923ರಿಂದ ನಡೆಯುತ್ತಿರುವ ಪಾರ್ಸಿ ಮನೆತನದ ಹೋಟೆಲು. ಅಲ್ಲಿನ ಬೆರಿ ಪುಲಾವಿನ ಮೇಲೆ ಉದುರಿಸುವ ಹುಳಿಸಿಹಿಯ ಪುಟ್ಟ ಕೆಂಪು ಹಣ್ಣಿಗಾಗಿಯೇ ಜನ ಸಾಲು ನಿಲ್ಲುತ್ತಾರೆ. ಮಧ್ಯಾಹ್ನಕ್ಕೆ ಮಾತ್ರ ತೆರೆಯುವುದರಿಂದ ಬಾಗಿಲು ತೆರೆಯುವ ವೇಳೆಗೇ ಹೋಗಿರಿ. ಇನ್ನೊಂದು, ಮಂಗಳೂರು ಸೀಮೆಯವರ ‘ಲಂಚ್ ಹೋಮ್’ ಎಂಬ ಮೀನೂಟದ ಹೋಟೆಲುಗಳು. ಬಡಿಸುವವರಲ್ಲಿ ಒಬ್ಬರಾದರೂ ತುಳುವಿನಲ್ಲಿ ‘ಎಂಚ ಉಲ್ಲರ್’ (ಹೇಗಿದ್ದೀರಿ) ಎಂದು ಕೇಳಿದರೆ ಮುಖ ಅರಳಿಸುವವರು ಇದ್ದೇ ಇರುತ್ತಾರೆ, ಮತ್ತು ಆ ದಿನ ಯಾವ ಮೀನು ತಾಜಾ ಬಂದಿದೆ ಎಂಬ ನಿಜವಾದ ಸುದ್ದಿ ಮೆನುವಿನಲ್ಲಲ್ಲ, ಅವರ ಬಾಯಲ್ಲಿರುತ್ತದೆ.

ಆದರೆ ಒಂದು ಎಚ್ಚರಿಕೆ. ಏಡಿ, ಮಾಂಜಿ (ಪಾಂಫ್ರೆಟ್), ಸಿಗಡಿಗಳ ಮುಂದೆ ಕೆಲವೆಡೆ ಬೆಲೆಯ ಬದಲು ‘ಗಾತ್ರದ ಪ್ರಕಾರ’ ಎಂದಷ್ಟೇ ಅಚ್ಚಾಗಿರುತ್ತದೆ. ನನ್ನ ಭಾವಮೈದ ಒಮ್ಮೆ ದರ ಕೇಳಲು ಸಂಕೋಚಪಟ್ಟು ಬೆಣ್ಣೆ-ಬೆಳ್ಳುಳ್ಳಿ ಏಡಿ ತರಿಸಿಕೊಂಡ. ಬಂದ ಬಿಲ್ಲು ಅವನ ಕಂಪನಿ ಕೊಡುತ್ತಿದ್ದ ಮೂರು ದಿನದ ಭತ್ಯೆಯನ್ನು ಒಂದೇ ಊಟದಲ್ಲಿ ನುಂಗಿತು, ಲೆಕ್ಕಪತ್ರ ವಿಭಾಗದವರು ಅದನ್ನು ಹಾಗೆಯೇ ಹಿಂದಿರುಗಿಸಿದರು. ಸಂಕೋಚ ಬಿಟ್ಟು, ತರಿಸಿಕೊಳ್ಳುವ ಮೊದಲೇ ದರ ಕೇಳಿ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಮೀನಿನ ಆಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಒಳ್ಳೆಯದು. ಮಧ್ಯಾಹ್ನ ಎರಡಕ್ಕೆ ಮತ್ತೆ ಸಭೆಯಿದ್ದರೆ ಸೋಲ್ ಕಢಿಯ (ಕೋಕಂ, ತೆಂಗಿನಹಾಲಿನ ಪಾನೀಯ) ಎರಡನೇ ಲೋಟವನ್ನೂ ಎರಡನೇ ಬಾರಿ ಬಡಿಸುವ ಅನ್ನವನ್ನೂ ಬಿಡಿ.

ಸಂಜೆ: ಹೊರಡುವ ಆತುರ ಬೇಡ

ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ ಚರ್ಚ್‌ಗೇಟ್, ಸಿಎಸ್‌ಎಂಟಿಗಳಿಂದ ಉಪನಗರಗಳತ್ತ ಹೊರಡುವ ರೈಲುಗಳಿಗೆ ಲ್ಯಾಪ್‌ಟಾಪ್ ಚೀಲ ತೂಗಿಕೊಂಡು ಹತ್ತುವುದು ಹೊಸಬರ ಕೆಲಸವಲ್ಲ. ಆ ಮೂರು ಗಂಟೆಗಳನ್ನು ದಕ್ಷಿಣ ಮುಂಬೈಯಲ್ಲೇ ಕಳೆಯಿರಿ. 1904ರಿಂದಿರುವ ಕಯಾನಿ ಎಂಬ ಇರಾನಿ ಕೆಫೆಯಲ್ಲಿ ಗರಿಗರಿ ಬ್ರುನ್ ಪಾವ್‌ಗೆ ಬೆಣ್ಣೆ ಹಚ್ಚಿಸಿಕೊಂಡು ಚಹಾದಲ್ಲಿ ಅದ್ದಿ ತಿಂದು, ಅಲ್ಲಿಂದ ಮರೀನ್ ಡ್ರೈವ್ ಸೇರಿ ಸಮುದ್ರದ ಗುಂಟ ನಡೆದರೆ ಗಿರ್ಗಾಂವ್ ಚೌಪಾಟಿಯ ಭೇಲ್ ಹೊತ್ತಿಗೆ ಹಸಿವು ಮರಳಿರುತ್ತದೆ. ರಮಜಾನ್ ತಿಂಗಳಾಗಿದ್ದರೆ ಇದೆಲ್ಲ ಬಿಟ್ಟು ಕತ್ತಲಾದ ಮೇಲೆ ಮೊಹಮ್ಮದ್ ಅಲಿ ರಸ್ತೆಯ ಮಿನಾರಾ ಮಸೀದಿ ಬಳಿ ಹೋಗಿ. ಕಬಾಬು, ಮಾಲ್ಪುವಾ, ಮಣ್ಣಿನ ಬಟ್ಟಲಿನ ಫಿರ್ನಿ.

ಹೊಟ್ಟೆಯ ವಿಷಯದಲ್ಲಿ ನನ್ನ ನಿಯಮ ಚಿಕ್ಕದು: ಕಣ್ಣೆದುರೇ ಎಣ್ಣೆಯಿಂದ ಎತ್ತಿದ ವಡಾಪಾವ್ ತಿನ್ನಬಹುದು, ಪುಡಿಮಾಡಿದ ಮಂಜುಗಡ್ಡೆ ಹಾಕಿದ್ದನ್ನು ಮರುದಿನ ಸಭೆಯಿರುವವರು ಕುಡಿಯಬಾರದು.

ಕೊನೆಯ ಅರ್ಧ ದಿನ: ಕೊಳ್ಳುವುದು

ಖರೀದಿಯನ್ನು ಹೊರಡುವ ದಿನಕ್ಕೇ ಇಟ್ಟುಕೊಳ್ಳಿ. ಸಿಎಸ್‌ಎಂಟಿಯಿಂದ ನಡೆಯುವಷ್ಟು ದೂರದಲ್ಲಿ ಕ್ರಾಫರ್ಡ್ ಮಾರುಕಟ್ಟೆಯಿದೆ. ಈಗಿನ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಯಿ, ಕಟ್ಟಿದ್ದು 1869ರಲ್ಲಿ. ಬಾಗಿಲ ಮೇಲಿನ ರೈತರ ಉಬ್ಬುಚಿತ್ರಗಳು ಬ್ರಿಟಿಷ್ ಕಲಾವಿದ ಲಾಕ್‌ವುಡ್ ಕಿಪ್ಲಿಂಗ್ ಅವರವು. ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಹುಲ್ಲಿನ ಹಾಸಿನ ಮೇಲೆ ಹಾಪೂಸ್ (ಆಲ್ಫಾನ್ಸೊ) ಮಾವು ಡಜನ್ ಲೆಕ್ಕದಲ್ಲಿ, ಪೆಟ್ಟಿಗೆ ಲೆಕ್ಕದಲ್ಲಿ ಮಾರಾಟವಾಗುತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ನಾನೇ ಮೇಲಿನ ಸಾಲಿನ ಬಂಗಾರದ ಬಣ್ಣಕ್ಕೆ ಮರುಳಾಗಿ ನಾಲ್ಕು ಡಜನ್ನಿನ ಪೆಟ್ಟಿಗೆ ಹೊತ್ತು ಮನೆಗೆ ಹೋದೆ. ಹುಲ್ಲು ಸರಿಸಿದರೆ ಕೆಳಗಿನ ಸಾಲಿನಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡವು, ತೊಟ್ಟಿನ ಬಳಿ ಕಪ್ಪಗಾದವು. ಅಂದಿನಿಂದ ಕೆಳಗಿನ ಸಾಲನ್ನು ತೆಗೆಸಿ ನೋಡದೆ ದುಡ್ಡು ಕೊಡುವುದಿಲ್ಲ. ತೊಟ್ಟಿನ ಬುಡಕ್ಕೆ ಮೂಗು ಹಿಡಿಯಿರಿ; ಬಣ್ಣವಿದ್ದೂ ಪರಿಮಳವಿಲ್ಲದ ಹಣ್ಣು ಬೇಡ. ಇನ್ನೊಂದು ತಮಾಷೆಯೆಂದರೆ, ಹಾಪೂಸಿಗೆ ಹೆಸರಾದ ಕೊಂಕಣದ ದೇವಗಡದ್ದು ಎಂದು ಹೇಳಿ ನಮ್ಮ ಕರ್ನಾಟಕದ ಹಣ್ಣನ್ನೇ ನಮಗೆ ದುಬಾರಿಗೆ ಮಾರುವವರೂ ಇದ್ದಾರೆ. ದೇವಗಡದ ಹಣ್ಣಿನ ಸಿಪ್ಪೆ ತೆಳು, ನಮ್ಮದರದ್ದು ದಪ್ಪ. ಒಂದನ್ನು ಕೊಯ್ಸಿ ನೋಡುವುದೇ ಖಚಿತ ಉಪಾಯ.

ಮಾವಿನ ಕಾಲವಲ್ಲದಿದ್ದರೆ ಕರಿ ರೋಡ್ ನಿಲ್ದಾಣದಲ್ಲಿಳಿದು ಲಾಲ್‌ಬಾಗ್‌ಗೆ ಹೋಗಿ. ಅಲ್ಲಿನ ಮಸಾಲೆ ಗಲ್ಲಿಗೆ ಕಾಲಿಡುವ ಮೊದಲೇ ಸೀನು ಬರುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಗಸರು ವರ್ಷದ ಮಾಲವಣಿ (ಕೊಂಕಣ ಕರಾವಳಿಯ) ಮಸಾಲೆಗೆಂದು ಮೆಣಸಿನಕಾಯಿ ಆರಿಸಿ, ಹುರಿಸಿ, ‘ಡಂಕ್’ ಎಂಬ ಕುಟ್ಟುವ ಯಂತ್ರದ ಮುಂದೆ ಸರದಿ ಕಾಯುತ್ತಾರೆ. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಒಂದರ ನಂತರ ಒಂದು ಎದ್ದು ಬೀಳುತ್ತವೆ. ಆ ಮಸಾಲೆಗೆ ಕೆಂಪು ಬಣ್ಣ ಕೊಡುವುದು ಅವರು ‘ಬೇಡ್ಗಿ’ ಎನ್ನುವ ನಮ್ಮ ಬ್ಯಾಡಗಿ. ಮುನ್ನೂರು ಗ್ರಾಂ ಸಾಕು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ, ಇಲ್ಲದಿದ್ದರೆ ಮರುದಿನ ಕಚೇರಿಯ ಅಂಗಿಗಳೂ ಮೀನುಸಾರಿನ ವಾಸನೆ ಸೂಸುತ್ತವೆ. ಪಕ್ಕದ ಗಲ್ಲಿಯಲ್ಲೇ ಚಿವಡಾ ಸಿಗುತ್ತದೆ.

ಪೆಟ್ಟಿಗೆ ಮಾವು ಕೊಂಡವರಿಗೆ ವಿಮಾನಕ್ಕಿಂತ ರೈಲೇ ಅನುಕೂಲ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿಯುವ ಕರಾವಳಿಯವರು ಪೆಟ್ಟಿಗೆಯನ್ನು ಸೀಟಿನ ಕೆಳಗೆ ಗಾಳಿಯಾಡುವಂತೆ ಇಟ್ಟು, ಮನೆ ತಲುಪಿದ ಕೂಡಲೇ ಹುಲ್ಲಿನ ಮೇಲೆ ಒಂದೇ ಸಾಲಿನಲ್ಲಿ ಹರಡಿ, ದಿನಕ್ಕೊಮ್ಮೆ ಮುಟ್ಟಿ ನೋಡಿ ಮೆತ್ತಗಾದದ್ದನ್ನು ಮೊದಲು ತೆಗೆಯಬೇಕು.